ಕಟ್ಟಡಗಳ ಮುಂದೆ ನಿಂತು ಕೇಳಬೇಕಾದ ಮೂರು ಪ್ರಶ್ನೆಗಳು

(ಕರಾವಳಿಯ ಪಟ್ಟಣವೊಂದರಲ್ಲಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಭಾಂಗಣವನ್ನು ಪ್ರವೇಶಿಸುವಾಗ ಹೊರಗಿನ ಪಡಸಾಲೆಯಲ್ಲಿ ಮಕ್ಕಳು ಏರ್ಪಡಿಸಿದ ಪ್ರದರ್ಶನವನ್ನು ನಾವು ನೋಡಿದೆವು. ಥರ್ಮೋಕೋಲಿನ ಪಿರಮಿಡ್, ಬೆಂಕಿಕಡ್ಡಿಯ ಐಫೆಲ್ ಗೋಪುರ, ರಟ್ಟಿನ ತಾಜ್‌ಮಹಲ್, ನಮ್ಮದೇ ನಾಡಿನ ಗೋಲಗುಮ್ಮಟ, ಮೇಜಿನ ಮೇಲೆ ಇಡಲಾಗದೆ ನೆಲದ ಮೇಲೆ ನಿಲ್ಲಿಸಿದ ಬುರ್ಜ್ ಖಲೀಫ. ಪ್ರತಿಯೊಂದರ ಕೆಳಗೂ ಅದರ ಎತ್ತರ, ಕಟ್ಟಿದ ವರ್ಷ ಮತ್ತು ಕಟ್ಟಿಸಿದ ದೊರೆಯ ಹೆಸರನ್ನು ಅಂದವಾಗಿ ಬರೆದಿದ್ದಾರೆ. ಮಕ್ಕಳ ಶ್ರಮ ಮೆಚ್ಚತಕ್ಕದ್ದು. ಆದರೆ ಆ ಚೀಟಿಗಳಲ್ಲಿ ಬರೆಯದೆ ಉಳಿದ ಮೂರು ಸಂಗತಿಗಳಿವೆ. ಅದು ಮಕ್ಕಳ ತಪ್ಪಲ್ಲ. ನಮ್ಮ ಪಠ್ಯಪುಸ್ತಕಗಳೂ ಪ್ರವಾಸದ ಮಾರ್ಗದರ್ಶಿಗಳೂ ಅವನ್ನು ಬರೆಯುವುದು ಅಪರೂಪ. ಆ ಕಟ್ಟಡವನ್ನು ಕೈಯಾರೆ ಕಟ್ಟಿದವರು ಯಾರು? ಅದು ಯಾರಿಗಾಗಿ ನಿಂತಿತು? ಅದನ್ನು ಕಾಪಾಡಿಕೊಂಡು ಬಂದವರು ಯಾರು? ಇಂದು ಈ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ಅದಕ್ಕೆ ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಕಟ್ಟಿದ ಕೈಗಳು

ಮೊದಲು ಪಿರಮಿಡ್ಡನ್ನೇ ತೆಗೆದುಕೊಳ್ಳೋಣ. ಗೀಝಾದ ಮಹಾ ಪಿರಮಿಡ್ ಸುಮಾರು 4,500 ವರ್ಷಗಳಷ್ಟು ಹಳೆಯದು. ಮೂಲದಲ್ಲಿ ಅದರ ಎತ್ತರ ಸುಮಾರು 146 ಮೀಟರ್. ಅದಕ್ಕೆ ಬಳಸಿದ ಕಲ್ಲುಗಳು ಅಂದಾಜು 23 ಲಕ್ಷ. ಗುಲಾಮರನ್ನು ಚಾವಟಿಯಿಂದ ಹೊಡೆದು ಅದನ್ನು ಕಟ್ಟಿಸಲಾಯಿತೆಂದು ಸಿನಿಮಾಗಳು ನಮಗೆ ಕಲಿಸಿವೆ. ಆದರೆ 1990ರಲ್ಲಿ ಪಿರಮಿಡ್‌ನ ಬಳಿಯಲ್ಲೇ ಕಾರ್ಮಿಕರ ಗೋರಿಗಳು ಪತ್ತೆಯಾದವು. ಅವರು ವಾಸಿಸಿದ್ದ ಊರನ್ನೂ, ರೊಟ್ಟಿ ಸುಡುತ್ತಿದ್ದ ಒಲೆಗಳನ್ನೂ ಪುರಾತತ್ವ ತಜ್ಞರು ಅಗೆದು ತೆಗೆದರು. ಮುರಿದ ಮೂಳೆಗಳನ್ನು ಕೂಡಿಸಿ ಚಿಕಿತ್ಸೆ ನೀಡಿದ ಗುರುತುಗಳು ಅಸ್ಥಿಪಂಜರಗಳಲ್ಲಿ ಕಂಡವು. 2013ರಲ್ಲಿ ಕೆಂಪು ಸಮುದ್ರದ ತೀರದಲ್ಲಿ ದೊರೆತ ಪಪೈರಸ್ ಕಾಗದಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯೇ ಇತ್ತು. ತನ್ನ ತಂಡವು ತುರಾ ಎಂಬ ಕಲ್ಲುಗಣಿಯಿಂದ ಸುಣ್ಣದ ಕಲ್ಲುಗಳನ್ನು ದೋಣಿಗೆ ಹೇರಿ ನೈಲ್ ನದಿಯ ಮೂಲಕ ಗೀಝಾಕ್ಕೆ ಸಾಗಿಸಿದುದನ್ನು ಆತ ಬರೆದಿಟ್ಟಿದ್ದ. ಫರೋಹರ ದರ್ಪದ ಬಗ್ಗೆ ನಾವೆಲ್ಲ ಓದಿದ್ದೇವೆ. ಆ ದರ್ಪದ ನೆರಳಿನಲ್ಲಿ ಒಬ್ಬ ಮೇಸ್ತ್ರಿ ತನ್ನ ಜನರ ಕೆಲಸದ ಲೆಕ್ಕವನ್ನು ದಿನದಿನವೂ ಬರೆಯುತ್ತಿದ್ದನೆಂಬುದನ್ನು ಎಷ್ಟು ಮಂದಿ ಓದಿದ್ದೇವೆ?

ಇನ್ನು ತಾಜ್‌ಮಹಲ್. 1631ರಲ್ಲಿ ಮುಮ್ತಾಝ್ ಬುರ್ಹಾನ್‌ಪುರದಲ್ಲಿ ನಿಧನರಾದರು. ಮರುವರ್ಷ ಆಗ್ರಾದಲ್ಲಿ ಕೆಲಸ ಆರಂಭವಾಯಿತು. ಇಡೀ ಸಂಕೀರ್ಣ ಮುಗಿಯುವಾಗ ಎರಡು ದಶಕಗಳು ಸಂದಿದ್ದವು. ಸುಮಾರು 20,000 ಮಂದಿ ದುಡಿದರೆಂದು ಅಂದಿನ ಪ್ರವಾಸಿಯೊಬ್ಬರು ಬರೆದಿದ್ದಾರೆ. ಕೆಲಸ ಮುಗಿದ ಮೇಲೆ ಶಹಜಹಾನ್ ಕುಶಲಕರ್ಮಿಗಳ ಕೈ ಕಡಿಸಿದನೆಂಬ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಅದಕ್ಕೆ ಸಮಕಾಲೀನ ಆಧಾರ ಯಾವುದೂ ಇಲ್ಲ. ತದ್ವಿರುದ್ಧವಾಗಿ, ಬರಹಗಾರ ಅಮಾನತ್ ಖಾನ್ ಗುಮ್ಮಟದ ಒಳಗೆ ತನ್ನ ಹೆಸರನ್ನೂ ವರ್ಷವನ್ನೂ ಕೆತ್ತಿಸಿಕೊಂಡಿದ್ದಾನೆ. ಹೆಸರು ಬರೆಯಬಾರದ ಕಲ್ಲುಕುಟಿಗರೋ, ನಕ್ಷತ್ರ, ಮೀನು, ಹೂವಿನಂತಹ ಗುರುತುಗಳನ್ನು ಕೆಂಪುಕಲ್ಲಿನ ಮೇಲೆ ಉಳಿಸಿ ಹೋಗಿದ್ದಾರೆ. ಆದರೆ ಸುಳ್ಳು ಕಥೆಯನ್ನು ಅಲ್ಲಗಳೆದ ಮಾತ್ರಕ್ಕೆ ಕಹಿಸತ್ಯದಿಂದ ನಾವು ಪಾರಾಗಲಾರೆವು. 1630ರಿಂದ 1632ರವರೆಗೆ ಗುಜರಾತ್ ಮತ್ತು ದಖ್ಖನ್ ಪ್ರದೇಶಗಳಲ್ಲಿ ಭೀಕರ ಕ್ಷಾಮವಿತ್ತು. ಒಂದೆಡೆ ಜನರು ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲೇ ಇನ್ನೊಂದೆಡೆ ಮಕ್ರಾನದ ಅಮೃತಶಿಲೆಗಾಗಿ ಖಜಾನೆಯ ಬಾಗಿಲು ತೆರೆಯಿತು. ತಾಜ್‌ನ ಸೌಂದರ್ಯವೂ ನಿಜ, ಈ ಪ್ರಶ್ನೆಯೂ ನಿಜ. ದ್ವೇಷದಿಂದ ಹುಟ್ಟಿದ ಕಟ್ಟುಕಥೆಯನ್ನು ಖಂಡಿಸುವವರಿಗೆ, ನ್ಯಾಯವಾದ ಪ್ರಶ್ನೆಯನ್ನು ಎದುರಿಸುವ ಎದೆಗಾರಿಕೆಯೂ ಇರಬೇಕು.

ಬುರ್ಜ್ ಖಲೀಫದ ಮಾತಿಗೆ ಬಂದರೆ ಈ ಸಭೆಯಲ್ಲಿ ಮೌನ ಆವರಿಸಬಹುದು. ಏಕೆಂದರೆ ಅದು ನಮಗೆ ದೂರದ ಕಟ್ಟಡವಲ್ಲ. ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಒಬ್ಬರಾದರೂ ಇಲ್ಲದ ಕುಟುಂಬ ವಿರಳ. 2004ರಲ್ಲಿ ಆರಂಭವಾಗಿ 2010ರ ಜನವರಿ 4ರಂದು ಉದ್ಘಾಟನೆಗೊಂಡ ಆ 828 ಮೀಟರ್ ಎತ್ತರದ ಗೋಪುರದಲ್ಲಿ, ಕೆಲಸ ಭರದಿಂದ ಸಾಗುತ್ತಿದ್ದಾಗ ದಿನವೊಂದಕ್ಕೆ 12,000 ಮಂದಿ ದುಡಿದರು. ಅವರಲ್ಲಿ ಬಹುಪಾಲು ದಕ್ಷಿಣ ಏಷ್ಯಾದವರು. ಬೇಸಿಗೆಯಲ್ಲಿ ಕಾಂಕ್ರೀಟ್ ಬಿಸಿಲಿಗೆ ಬಿರುಕು ಬಿಡಬಾರದೆಂದು ಮಂಜುಗಡ್ಡೆ ಬೆರೆಸಿ ರಾತ್ರಿ ಹೊತ್ತು ಸುರಿಯಲಾಗುತ್ತಿತ್ತು. ಕಾಂಕ್ರೀಟಿಗೆ ತೋರಿದ ಆ ಕಾಳಜಿಯು ಮನುಷ್ಯರಿಗೂ ಸಿಕ್ಕಿತೇ? 2006ರ ಮಾರ್ಚ್‌ನಲ್ಲಿ ವೇತನ ಮತ್ತು ದುಡಿಮೆಯ ಸ್ಥಿತಿಗತಿಗಳ ಬಗ್ಗೆ ರೋಸಿಹೋದ ಸಾವಿರಾರು ಕಾರ್ಮಿಕರು ಅದೇ ನಿವೇಶನದಲ್ಲಿ ದಂಗೆಯೆದ್ದರು ಎಂಬುದು ಉತ್ತರದ ಒಂದು ಭಾಗ. ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಬಲ್ಲ ಸಮುದಾಯಕ್ಕೆ, ಒಂದು ಕಟ್ಟಡದ ಮೊದಲ ಅಳತೆಗೋಲು ಅದರ ಎತ್ತರವಾಗಿರಲಾರದು.

ಇಲ್ಲಿ ಯುವಕ ಯುವತಿಯರಿಗೆ ಒಂದು ಮಾತು. ಇಂದಿನ ಗಗನಚುಂಬಿಗಳ ಹಿಂದಿರುವ ತಾಂತ್ರಿಕ ಚಿಂತನೆಗೆ ದಾರಿ ತೆರೆದವರಲ್ಲಿ ಪ್ರಮುಖರು ಫಝ್ಲುರ್ ರಹ್ಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿ, 1952ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಅಮೆರಿಕಕ್ಕೆ ತೆರಳಿದ ಇಂಜಿನಿಯರ್. ಎತ್ತರದ ಕಟ್ಟಡವು ಗಾಳಿಗೆ ಬಾಗದಿರಲು ಒಳಗೆ ಕಂಬಗಳನ್ನು ತುಂಬುವುದರ ಬದಲು, ಹೊರಮೈಯನ್ನೇ ಬಿದಿರಿನ ಕೊಳವೆಯಂತೆ ಗಟ್ಟಿಗೊಳಿಸಿದರೆ ಸಾಕೆಂದು ಅವರು ತೋರಿಸಿಕೊಟ್ಟರು. ಉಕ್ಕಿನ ಖರ್ಚು ಬಹಳಷ್ಟು ಇಳಿಯಿತು. ಶಿಕಾಗೊದ 442 ಮೀಟರ್ ಎತ್ತರದ ಸಿಯರ್ಸ್ ಗೋಪುರ ಅವರ ಲೆಕ್ಕಾಚಾರದ ಮೇಲೆ ನಿಂತಿದೆ. ಹಜ್ಜ್ ಯಾತ್ರಿಕರು ಜಿದ್ದಾದಲ್ಲಿ ಇಳಿದಾಗ ನೆರಳು ನೀಡುವ ಡೇರೆಗಳಂತಹ ಛಾವಣಿಯ ಟರ್ಮಿನಲ್ಲೂ ಅವರದೇ ಕೊಡುಗೆ. ಗತವೈಭವದ ಗುಮ್ಮಟಗಳನ್ನು ಎಣಿಸುತ್ತಾ ಕುಳಿತುಕೊಳ್ಳುವುದಕ್ಕಿಂತ ಇಂತಹ ಒಬ್ಬ ಇಂಜಿನಿಯರ್ ನಮ್ಮ ಊರಿನಿಂದ ಹೊರಡುವುದು ಮೇಲು.

ಯಾರಿಗಾಗಿ ನಿಂತಿತು?

ಎರಡನೆಯ ಪ್ರಶ್ನೆಗೆ ಬರೋಣ. ಇಸ್ತಾಂಬುಲ್‌ನ ಸುಲೈಮಾನಿಯ ಮಸೀದಿಯ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿದ್ದೀರಿ. ವಾಸ್ತುಶಿಲ್ಪಿ ಸಿನಾನ್ 1550ರಿಂದ 1557ರ ನಡುವೆ ಕಟ್ಟಿದುದು. ಕ್ಯಾಲೆಂಡರಿನಲ್ಲಿ ಗುಮ್ಮಟ ಮತ್ತು ನಾಲ್ಕು ಮಿನಾರಗಳು ಮಾತ್ರ ಕಾಣುತ್ತವೆ. ಅದರ ಸುತ್ತ ಇದ್ದುದೇನು? ಮಕ್ಕಳ ಶಾಲೆ, ಉನ್ನತ ಮದ್ರಸಗಳು, ವೈದ್ಯಕೀಯ ಶಾಲೆ, ಆಸ್ಪತ್ರೆ, ಬಡವರಿಗೂ ವಿದ್ಯಾರ್ಥಿಗಳಿಗೂ ಊಟ ಬಡಿಸುವ ಅಡುಗೆಮನೆ, ಪ್ರಯಾಣಿಕರ ವಸತಿ, ಸಾರ್ವಜನಿಕ ಸ್ನಾನಗೃಹ. ಇವೆಲ್ಲವೂ ನಡೆಯಲು ಅಂಗಡಿಗಳ ಬಾಡಿಗೆ ಹಾಗೂ ಇತರ ವಕ್ಫ್ ಆದಾಯದ ವ್ಯವಸ್ಥೆ. ಮಸೀದಿಯು ಒಂದು ಬಡಾವಣೆಯ ಹೃದಯವಾಗಿತ್ತು, ಕೈಕಾಲುಗಳಿಲ್ಲದ ಹೃದಯವಾಗಿರಲಿಲ್ಲ. ಇನ್ನೊಂದು ಸಂಗತಿಯೂ ಗಮನಾರ್ಹ. ಆ ನಿರ್ಮಾಣದ ಕೂಲಿ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಅವುಗಳ ಪ್ರಕಾರ ಕುಶಲಕರ್ಮಿಗಳಲ್ಲಿ ಮುಸ್ಲಿಮರೂ ಕ್ರೈಸ್ತರೂ ಹೆಚ್ಚುಕಡಿಮೆ ಸರಿಸಮನಾಗಿದ್ದರು.

ದೂರದ ಇಸ್ತಾಂಬುಲ್ ಏಕೆ, ನಮ್ಮ ಬೀದರ್‌ಗೇ ಹೋಗೋಣ. ಬಹಮನಿ ಸಾಮ್ರಾಜ್ಯದ ಪ್ರಧಾನ ಮಂತ್ರಿ ಮಹ್ಮೂದ್ ಗವಾನ್ 1472ರಲ್ಲಿ ಅಲ್ಲಿ ಒಂದು ಮದ್ರಸ ಕಟ್ಟಿಸಿದರು. ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ ಕೊಠಡಿಗಳು, ಅಧ್ಯಾಪಕರಿಗೆ ವಸತಿ, ಮಸೀದಿ, ಸುಮಾರು 3,000 ಹಸ್ತಪ್ರತಿಗಳಿದ್ದ ಗ್ರಂಥಾಲಯ. ಹೊರಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಹೆಂಚುಗಳ ಅಲಂಕಾರ. ಸಮರ್ಕಂದ್‌ನಲ್ಲಿ ಉಲುಗ್ ಬೇಗ್ ಕಟ್ಟಿಸಿದ ಮದ್ರಸವನ್ನು ನೋಡಿದವರಿಗೆ ಇದು ಅದರ ತಮ್ಮನಂತೆ ಕಾಣುತ್ತದೆ. ಅರಮನೆಯ ಪಿತೂರಿಗೆ ಬಲಿಯಾದ ಗವಾನರನ್ನು 1481ರಲ್ಲಿ ಸುಲ್ತಾನನೇ ಕೊಲ್ಲಿಸಿದ. ಕಟ್ಟಡ ಉಳಿಯಿತು. ಆದರೆ 17ನೇ ಶತಮಾನದ ಕೊನೆಯ ವೇಳೆಗೆ ಆ ವಿದ್ಯಾಲಯದಲ್ಲಿ ಮೊಗಲ್ ಸೈನ್ಯದ ಸಿಡಿಮದ್ದನ್ನು ತುಂಬಿಡಲಾಗಿತ್ತು. ಅದು ಸ್ಫೋಟಿಸಿ ಮುಂಭಾಗದ ಅರ್ಧವೂ ಒಂದು ಮಿನಾರವೂ ಕುಸಿದುಬಿದ್ದವು. ಇಂದು ಬೀದರ್‌ಗೆ ಹೋದರೆ ಒಂಟಿ ಮಿನಾರ ನಿಂತಿರುವುದು ಕಾಣುತ್ತದೆ. ಸಹೋದರರೇ, ಆ ಮದ್ರಸವನ್ನು ಹಾಳುಗೆಡವಿದವರು ಹೊರಗಿನವರಲ್ಲ. ಪುಸ್ತಕವಿದ್ದ ಕೊಠಡಿಯಲ್ಲಿ ಮದ್ದುಗುಂಡು ತುಂಬಿದ ದಿನವೇ ಅದರ ಪತನವು ನಿರ್ಧಾರವಾಗಿತ್ತು.

ವಿಜಯಪುರದ ಗೋಲಗುಮ್ಮಟ ನಮ್ಮ ರಾಜ್ಯದ ಹೆಮ್ಮೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟಕ್ಕೆ ನಡುವೆ ಒಂದು ಕಂಬದ ಆಸರೆಯೂ ಇಲ್ಲ. ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಭಾರವನ್ನು ಒಳಕ್ಕೆಳೆದು ಗೋಡೆಗಳಿಗೆ ಹಂಚುತ್ತವೆ. ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿಯ ಪಿಸುಮಾತು ಇನ್ನೊಂದು ಬದಿಗೆ ಕೇಳಿಸುತ್ತದೆ. ಅಚ್ಚರಿಯ ವಿದ್ಯೆ, ಸಂದೇಹವಿಲ್ಲ. ಆದರೆ ಆ ಊರನ್ನು ನೋಡಹೋದವರು ಅಷ್ಟಕ್ಕೇ ಹಿಂದಿರುಗುತ್ತಾರೆ. ಅದೇ ದೊರೆಯ ಕಾಲದಲ್ಲಿ 1651ರಲ್ಲಿ ನಿರ್ಮಾಣವಾದ ಬೇಗಂ ತಾಲಾಬ್, ಅಲ್ಲಿಂದ ನೆಲದಡಿಯ ಕೊಳವೆಗಳಲ್ಲಿ ನಗರಕ್ಕೆ ಹರಿದ ನೀರು, ನೀರಿನ ಒತ್ತಡವನ್ನು ತಗ್ಗಿಸಲು ದಾರಿಯುದ್ದಕ್ಕೂ ಕಟ್ಟಿದ ಗಂಜ್ ಎಂಬ ಗೋಪುರಗಳು, ಚಾಂದ್ ಬಾವಡಿ, ತಾಜ್ ಬಾವಡಿಗಳೆಂಬ ಮಹಾಬಾವಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಲಗುಮ್ಮಟವು ಸತ್ತವನೊಬ್ಬನಿಗೆ ನೆರಳಾಯಿತು; ಆ ಕೊಳವೆಗಳು ಜೀವಂತ ಜನರ ಬಾಯಾರಿಕೆಯನ್ನು ತಣಿಸಿದವು. ಯಾವುದು ದೊಡ್ಡ ಕಟ್ಟಡವೆಂದು ನಾವು ನಮ್ಮ ಮಕ್ಕಳನ್ನು ಕೇಳಬೇಡವೇ?

ಈ ಪ್ರಶ್ನೆಗೆ ನಮ್ಮ ಕಾಲದಲ್ಲಿ ಉತ್ತರ ಕೊಟ್ಟವರೊಬ್ಬರು ಢಾಕಾದ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್. ಅವರ ಅಜ್ಜಿ ಮಸೀದಿಗಾಗಿ ತನ್ನ ಜಾಗವನ್ನು ದಾನ ಮಾಡಿದರು. ಮೊಮ್ಮಗಳು 2012ರಲ್ಲಿ ಅದನ್ನು ಪೂರ್ಣಗೊಳಿಸಿದರು. ಬೈತುರ್ ರವೂಫ್ ಎಂಬ ಆ ಮಸೀದಿಗೆ ಗುಮ್ಮಟವಿಲ್ಲ, ಮಿನಾರವೂ ಇಲ್ಲ. ಸುಟ್ಟ ಇಟ್ಟಿಗೆಯ ಗೋಡೆಗಳು, ಗಾಳಿಯಾಡಲು ಬಿಟ್ಟ ಕಿಂಡಿಗಳು, ಛಾವಣಿಯ ಸಣ್ಣ ರಂಧ್ರಗಳಿಂದ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳು, ಇಷ್ಟೇ. ಬಡಾವಣೆಯ ಮಕ್ಕಳು ಅದರ ಜಗಲಿಯಲ್ಲಿ ಆಡುತ್ತಾರೆ, ವೃದ್ಧರು ಕುಳಿತು ಮಾತಾಡುತ್ತಾರೆ. 2016ರಲ್ಲಿ ವಾಸ್ತುಶಿಲ್ಪಕ್ಕಾಗಿರುವ ಆಗಾ ಖಾನ್ ಪ್ರಶಸ್ತಿ ಅದಕ್ಕೆ ಸಂದಿತು. ಮಹಿಳೆಯೊಬ್ಬರ ದಾನ, ಇನ್ನೊಬ್ಬ ಮಹಿಳೆಯ ವಿದ್ಯೆ. ನಮ್ಮ ಮಸೀದಿ ಸಮಿತಿಗಳ ಸಭೆಗಳಲ್ಲಿ ಈ ಎರಡಕ್ಕೂ ಸ್ಥಾನವಿದೆಯೇ ಎಂದು ಆತ್ಮಾವಲೋಕನ ಮಾಡಿಕೊಳ್ಳೋಣ.

ಕಾಪಾಡಿದವರು, ಕೆಡವಿದವರು

ಮೂರನೆಯ ಪ್ರಶ್ನೆ ಹೆಚ್ಚು ಕಠಿಣವಾದುದು. ಕಟ್ಟುವುದು ಕೆಲವು ವರ್ಷಗಳ ಕೆಲಸ. ಕಾಪಾಡುವುದು ತಲೆಮಾರುಗಳ ಕೆಲಸ. ತಾಜ್‌ಮಹಲ್ ಇನ್ನೂ ಹೊಸತಾಗಿದ್ದಾಗಲೇ, 1652ರಲ್ಲಿ, ಮಳೆಗಾಲದಲ್ಲಿ ಗುಮ್ಮಟ ಸೋರುತ್ತಿದೆಯೆಂದು ಔರಂಗಝೇಬ್ ತನ್ನ ತಂದೆಗೆ ಪತ್ರ ಬರೆದಿದ್ದ. ಅಷ್ಟು ದೊಡ್ಡ ಚಕ್ರವರ್ತಿಯ ಅಷ್ಟು ದೊಡ್ಡ ಕಟ್ಟಡಕ್ಕೂ ಸೋರುವ ಮಾಡಿನ ಚಿಂತೆ ತಪ್ಪಲಿಲ್ಲ. ಅದರ ನಿರ್ವಹಣೆಗಾಗಿ 30 ಹಳ್ಳಿಗಳ ಆದಾಯವನ್ನು ವಕ್ಫ್ ಮಾಡಲಾಗಿತ್ತು.

ಆಫ್ರಿಕದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ಜಗತ್ತಿನ ಅತಿದೊಡ್ಡ ಮಣ್ಣಿನ ಕಟ್ಟಡಗಳಲ್ಲೊಂದಾದ ಜಾಮಿಅ ಮಸೀದಿಯಿದೆ. ಈಗಿರುವ ಕಟ್ಟಡ 1907ರದು. ಪ್ರತಿ ಮಳೆಗಾಲವೂ ಅದರ ಗೋಡೆಯನ್ನು ಕೊಂಚ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಇಡೀ ಊರು ಸೇರಿ ಅದಕ್ಕೆ ಮಣ್ಣು ಮೆತ್ತುತ್ತದೆ. ಹೆಂಗಸರು ನೀರು ಹೊರುತ್ತಾರೆ, ಮಕ್ಕಳು ಕೆಸರು ತುಳಿಯುತ್ತಾರೆ, ಯುವಕರು ಬುಟ್ಟಿ ಹೊತ್ತು ಓಡುತ್ತಾರೆ, ಹಿರಿಯ ಗಾರೆಯವರು ದಾರಿ ತೋರುತ್ತಾರೆ. ಗೋಡೆಯಿಂದ ಹೊರಚಾಚಿದ ಮರದ ತುಂಡುಗಳೇ ಹತ್ತಲು ಅಟ್ಟಣಿಗೆ. ಕಲ್ಲಿಗಿಂತ ಮಣ್ಣು ದುರ್ಬಲ, ನಿಜ. ಆದರೆ ಊರು ಒಟ್ಟಾಗಿರುವವರೆಗೆ ಆ ಮಣ್ಣು ನಿಲ್ಲುತ್ತದೆ.

ಇನ್ನೊಬ್ಬರ ಕಟ್ಟಡವನ್ನು ಕಾಪಾಡುವ ವಿಚಾರದಲ್ಲಿ ಇತಿಹಾಸ ನಮ್ಮೆದುರು ಎರಡೂ ಬಗೆಯ ಮಾದರಿಗಳನ್ನು ಇಟ್ಟಿದೆ. ಬೈಝಾಂಟಿಯನ್ ಚಕ್ರವರ್ತಿ ಜಸ್ಟಿನಿಯನ್ 537ರಲ್ಲಿ ಪೂರ್ಣಗೊಳಿಸಿದ ಚರ್ಚ್ ಆಯಾ ಸೋಫಿಯಾ. 1453ರಲ್ಲಿ ಮಸೀದಿಯಾಯಿತು, 1935ರಲ್ಲಿ ವಸ್ತುಸಂಗ್ರಹಾಲಯವಾಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. ಆ ನಿರ್ಧಾರಗಳ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಅದು ಇಂದಿಗೂ ನಿಂತಿರುವುದರ ಹಿಂದೆ, 16ನೇ ಶತಮಾನದಲ್ಲಿ ಅದರ ಗೋಡೆಗಳಿಗೆ ಆಸರೆ ಕಟ್ಟಿಸಿದ ಸಿನಾನ್‌ನ ಕೈಯೂ ಇದೆ. ಸ್ಪೇನಿನ ಕೊರ್ಡೋವದ ಜಾಮಿಅ ಮಸೀದಿ 1236ರಲ್ಲಿ ಕ್ಯಾಥೆಡ್ರಲ್ ಆಯಿತು. 1523ರಲ್ಲಿ ಕಂಬಗಳ ಆ ಕಾಡಿನ ನಡುಭಾಗವನ್ನು ಕೆಡವಿ ಹೊಸ ಚರ್ಚ್ ಎಬ್ಬಿಸಲು ಹೊರಟಾಗ ಅಡ್ಡನಿಂತವರು ಯಾರು? ಆ ಊರಿನ ಕ್ರೈಸ್ತ ನಗರಸಭೆಯವರೇ. ಕೆಡವಲು ಕೈಹಾಕಿದ ಕೆಲಸಗಾರರಿಗೆ ಮರಣದಂಡನೆ ವಿಧಿಸುವುದಾಗಿಯೂ ಅವರು ಎಚ್ಚರಿಸಿದರು. ಚಕ್ರವರ್ತಿಯ ಅನುಮತಿಯ ಮುಂದೆ ಅವರ ಮಾತು ನಡೆಯಲಿಲ್ಲ. ಆದರೂ ಆ ಪ್ರತಿರೋಧ ನೆನಪಿನಲ್ಲಿಡಬೇಕಾದುದು.

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಿದುದು ಕಾನೂನಿನ ಘೋರ ಉಲ್ಲಂಘನೆಯೆಂದು ಸುಪ್ರೀಮ್ ಕೋರ್ಟ್ 2019ರ ತೀರ್ಪಿನಲ್ಲೂ ಹೇಳಿತು. ಜಾಗವನ್ನು ಮಾತ್ರ ಮಂದಿರಕ್ಕೆ ಒಪ್ಪಿಸಿತು. ಆ ನೋವು ನಮ್ಮದು. ಅದೇ ನೋವನ್ನು ತೂಗುವ ತಕ್ಕಡಿಯಲ್ಲೇ, 2001ರ ಮಾರ್ಚ್‌ನಲ್ಲಿ ತಾಲಿಬಾನ್ ಸಿಡಿಸಿದ ಬಾಮಿಯಾನ್ ಬುದ್ಧನ ಬೃಹತ್ ಪ್ರತಿಮೆಗಳನ್ನೂ ನಾವು ತೂಗಬೇಕು. ಶತಮಾನಗಳ ಕಾಲ ಮುಸ್ಲಿಮ್ ದೊರೆಗಳು ಆಳಿದ ಆ ನೆಲದಲ್ಲಿ ಅವು ಉಳಿದಿದ್ದವು. ಅವನ್ನು ಒಡೆಯಬಾರದೆಂದು ಮುಸ್ಲಿಮ್ ರಾಷ್ಟ್ರಗಳೂ ವಿದ್ವಾಂಸರೂ ಬೇಡಿಕೊಂಡರೂ ಕೇಳಲಿಲ್ಲ. ನಮ್ಮದು ಬಿದ್ದಾಗ ಅಳುವವರು, ಇನ್ನೊಬ್ಬರದು ಬಿದ್ದಾಗ ಮೌನವಾಗಿದ್ದರೆ ಆ ಅಳುವಿಗೆ ಬೆಲೆಯಿರದು.

ನಮ್ಮೂರಿನ ಮಾಡು

ಈಗ ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರುತ್ತೇವೆ. ನಮ್ಮ ಊರಿನಲ್ಲೂ ಒಂದು ಹಳೆಯ ಮಸೀದಿಯಿತ್ತು. ನಮ್ಮ ಕರಾವಳಿಯ ಹಳೆಯ ಮಸೀದಿಗಳಂತೆ ಅದಕ್ಕೂ ಗುಮ್ಮಟವಿರಲಿಲ್ಲ. ಜಡಿಮಳೆಯನ್ನು ಇಳಿಸಿಬಿಡುವ ಇಳಿಜಾರಾದ ಹಂಚಿನ ಮಾಡು, ಹಲಸಿನ ಮರದ ಕಂಬಗಳು, ಅಗಲವಾದ ಜಗಲಿ, ಬದಿಯಲ್ಲಿ ವುಝೂ ಮಾಡುವ ಕೊಳ. ಬಾಗಿಲ ಮೇಲೊಂದು ಬರಹದ ಕಲ್ಲು. ಜನಸಂಖ್ಯೆ ಹೆಚ್ಚಿತು, ಜಾಗ ಸಾಲದಾಯಿತು ಎಂಬ ಕಾರಣಕ್ಕೆ ಕೆಡವಿ ಹೊಸತು ಕಟ್ಟಲು ತೀರ್ಮಾನವಾಯಿತು. ಆ ಸಭೆಯಲ್ಲಿ ನಾವೂ ಇದ್ದೆವು. ಕೈ ಎತ್ತಿದವರಲ್ಲಿ ನಾವೂ ಒಬ್ಬರು. ಹಿಂಬದಿಯಲ್ಲಿ ಖಾಲಿ ಜಾಗವಿದೆಯಲ್ಲ, ಅತ್ತ ವಿಸ್ತರಿಸಬಹುದಲ್ಲ ಎಂದು ಒಬ್ಬ ವೃದ್ಧರು ಕೇಳಿದಾಗ ಯಾರೂ ಉತ್ತರಿಸಲಿಲ್ಲ. ನಾವೂ ಉತ್ತರಿಸಲಿಲ್ಲ. ಕಂಬಗಳು ಮರದ ವ್ಯಾಪಾರಿಯ ಪಾಲಾದವು. ಕೊಳವನ್ನು ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡಲಾಯಿತು. ಬರಹದ ಕಲ್ಲು ಎಲ್ಲಿ ಹೋಯಿತೆಂದು ಹುಡುಕುವ ಹೊತ್ತಿಗೆ ಅದು ಅಡಿಪಾಯದ ಜಲ್ಲಿಯಲ್ಲಿ ಸೇರಿಹೋಗಿತ್ತು. ಅದರಲ್ಲಿ ಏನು ಬರೆದಿತ್ತೆಂದು ಓದಿಟ್ಟವರು ಒಬ್ಬರೂ ಇರಲಿಲ್ಲ. ಹೊಸ ಮಸೀದಿ ಭವ್ಯವಾಗಿದೆ, ಮಿನಾರ ದೂರಕ್ಕೆ ಕಾಣುತ್ತದೆ. ಬೇಸಿಗೆಯ ಲುಹರ್ ನಮಾಝ್‌ನಲ್ಲಿ ಕಾಂಕ್ರೀಟಿನ ಸೆಖೆಗೆ ಇಪ್ಪತ್ತು ಫ್ಯಾನುಗಳೂ ಸಾಲುವುದಿಲ್ಲ. ನಮ್ಮ ಮೊಮ್ಮಕ್ಕಳು, ಅಜ್ಜ, ಮೊದಲಿನ ಪಳ್ಳಿ ಹೇಗಿತ್ತು ಎಂದು ಕೇಳಿದಾಗ ತೋರಿಸಲು ಒಂದು ಒಳ್ಳೆಯ ಫೋಟೋ ಕೂಡ ನಮ್ಮಲ್ಲಿಲ್ಲ.

ನಿಮ್ಮ ಊರಿನ ಹಳೆಯ ಮಸೀದಿಯ ಬಗೆಗೂ ಇಂತಹದೇ ಚರ್ಚೆ ನಡೆಯುತ್ತಿದೆಯೆಂದು ಸಂಘಟಕರು ತಿಳಿಸಿದರು. ಹೊರಗಿನವರಾದ ನಾವು ತೀರ್ಪು ಕೊಡಲಾರೆವು. ಜಮಾಅತ್ ಸಮಿತಿಯ ಹಿರಿಯರ ಕಷ್ಟವೂ ನಮಗೆ ಗೊತ್ತು. ಶುಕ್ರವಾರ ಬಿಸಿಲಿನಲ್ಲಿ ನಿಲ್ಲುವ ಸಾಲುಗಳಿಗೆ ಜಾಗ ಬೇಕೇ ಬೇಕು. ಕೆಡವುವ ಮುನ್ನ ಇಷ್ಟನ್ನು ಮಾಡಿರೆಂದು ಕೇಳಿಕೊಳ್ಳುತ್ತೇವೆ. ಹಳೆಯ ಕಟ್ಟಡಗಳನ್ನು ಬಲ್ಲ ಒಬ್ಬ ಇಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಿರಿ; ಹಳೆಯದನ್ನು ಉಳಿಸಿಕೊಂಡು ಪಕ್ಕಕ್ಕೋ ಹಿಂದಕ್ಕೋ ವಿಸ್ತರಿಸಲು ಸಾಧ್ಯವೇ ಎಂದು ಕೇಳಿರಿ. ಬರಹದ ಕಲ್ಲುಗಳಿದ್ದರೆ ಓದಬಲ್ಲವರನ್ನು ಕರೆಸಿ ಬರೆಸಿಡಿರಿ. ಪ್ರತಿ ಕಂಬ, ಪ್ರತಿ ಬಾಗಿಲಿನ ಅಳತೆಯನ್ನೂ ಫೋಟೋವನ್ನೂ ನಮ್ಮ ಕಾಲೇಜು ಮಕ್ಕಳು ಒಂದು ರಜಾದಿನದಲ್ಲಿ ತೆಗೆಯಬಲ್ಲರು. ಮಿನಾರಕ್ಕೆಂದು ಎತ್ತಿದ ಹಣದಲ್ಲಿ ಒಂದು ಪಾಲು ವಾಚನಾಲಯಕ್ಕೂ, ಹೆಂಗಸರ ನಮಾಝಿನ ಸ್ಥಳಕ್ಕೂ, ದಾರಿಹೋಕರ ಕುಡಿಯುವ ನೀರಿಗೂ ಸಲ್ಲಲಿ. ದುಡಿಯುವ ಗಾರೆಯವರಿಗೆ, ಅವರು ಯಾವ ರಾಜ್ಯದವರೇ ಆಗಲಿ, ಯಾವ ಧರ್ಮದವರೇ ಆಗಲಿ, ವಾರದ ಕೂಲಿ ವಾರಕ್ಕೇ ಸಿಗಲಿ. ಉದ್ಘಾಟನೆಯ ಫಲಕದಲ್ಲಿ ದಾನಿಗಳ ಹೆಸರಿನ ಜೊತೆ ಅವರ ಹೆಸರೂ ಇರಲಿ.

ಮಕ್ಕಳೇ, ನೀವು ಮುಂದಿನ ವರ್ಷ ಗೋಲಗುಮ್ಮಟಕ್ಕೆ ಪ್ರವಾಸ ಹೋಗುವಿರೆಂದು ಕೇಳಿದೆವು. ಮೊಗಸಾಲೆಯಲ್ಲಿ ಕೂಗಿ ಪ್ರತಿಧ್ವನಿಯನ್ನು ಎಣಿಸಿರಿ, ತಪ್ಪಿಲ್ಲ. ಗೋಡೆಯ ಮೇಲೆ ಹೆಸರು ಗೀಚಬೇಡಿರಿ. ಅಲ್ಲಿಂದ ಹೊರಬಂದು ಯಾರನ್ನಾದರೂ ಕೇಳಿ ಒಂದು ಗಂಜನ್ನೂ ತಾಜ್ ಬಾವಡಿಯನ್ನೂ ನೋಡಿ ಬನ್ನಿರಿ. ಮುಂದಿನ ಪ್ರದರ್ಶನದಲ್ಲಿ ಎತ್ತರದ ಚೀಟಿಯ ಕೆಳಗೆ ಇನ್ನೂ ಮೂರು ಸಾಲು ಬರೆಯಿರಿ: ಕಟ್ಟಿದವರು ಯಾರು, ಯಾರಿಗಾಗಿ, ಕಾಪಾಡಿದವರು ಯಾರು.

 ನಮ್ಮ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಂಡದ್ದರಿಂದ ನಿಮ್ಮ ಊರಿನ ಒಂದು ಮಾಡು ಉಳಿದರೆ, ಅಂದು ಆ ವೃದ್ಧರ ಪ್ರಶ್ನೆಗೆ ಕೊಡದೆ ಹೋದ ಉತ್ತರವನ್ನು ಇಂದಾದರೂ ಕೊಟ್ಟೆವೆಂದು ನೆಮ್ಮದಿ ಪಡುವೆವು. ಅಲ್ಲಾಹನು ನಮಗೆ ಕಟ್ಟುವ ವಿವೇಕವನ್ನೂ ಕಾಪಾಡುವ ತಾಳ್ಮೆಯನ್ನೂ ದಯಪಾಲಿಸಲಿ. ವಸ್ಸಲಾಮ್.